ದೊಡ್ಡಪ್ಪನ ಫಾರ್ವರ್ಡ್‌ಗೆ ಎದುರು ಹೇಳೋರು ಯಾರು?

ರಜೆಗೆ ಬೆಂಗಳೂರಿಗೆ ಬಂದಾಗೆಲ್ಲ ಒಂದು ಮಾತು ಕೇಳಿಸುತ್ತದೆ: "ಈ ಸೋಷಿಯಲ್ ಮೀಡಿಯಾ ಎಲ್ಲ ನಮಗೆ ಆಗಿಬರಲ್ಲಪ್ಪ." ಹೀಗನ್ನುವ ಹಿರಿಯರೇ ಗುರುವಾರ ಬೆಳಗ್ಗೆ ರಾಯರ ಫೋಟೋ, ಶನಿವಾರ ಆಂಜನೇಯನ ಫೋಟೋ ತಪ್ಪದೆ ವಾಟ್ಸಾಪ್ ಮಾಡುತ್ತಾರೆ. ಅವರ ಲೆಕ್ಕದಲ್ಲಿ ವಾಟ್ಸಾಪ್ ಅಂದರೆ ಬರೀ ಫೋನು.

ಬರೆಯುವವರೂ ನಾವೇ, ಓದುವವರೂ ನಾವೇ ಆದರೆ ಅದು ಸೋಷಿಯಲ್ ಮೀಡಿಯಾವೇ. ಗೆಳೆಯರ ಒಡನಾಟಕ್ಕೆ ಫೇಸ್‌ಬುಕ್. ನಮ್ಮಲ್ಲಿ ಎಷ್ಟೋ ಜನರಿಗೆ ಅದಕ್ಕೂ ಮೊದಲೇ ಆರ್ಕುಟ್‌ ರೂಢಿಯಾಗಿತ್ತು, 2014ರಲ್ಲಿ ಮುಚ್ಚಿತು. ವಿಡಿಯೋಗೆ ಯೂಟ್ಯೂಬ್, ಫೋಟೋ-ರೀಲ್ಸ್‌ಗೆ ಇನ್‌ಸ್ಟಾಗ್ರಾಂ. ನಾಲ್ಕು ಸಾಲಿನ ಜಗಳಕ್ಕೆ ಟ್ವಿಟರ್, ಅಂದರೆ ಈಗಿನ ಎಕ್ಸ್. ಅದಕ್ಕೆ ಪೈಪೋಟಿಯಾಗಿ 2020ರಲ್ಲಿ ಬೆಂಗಳೂರಿನಲ್ಲೇ 'ಕೂ' (Koo) ಅನ್ನುವ ಆ್ಯಪ್ ಹುಟ್ಟಿತು. ಕನ್ನಡದಲ್ಲೇ ಬರೆಯಿರಿ ಅಂತ ಕರೆಯಿತು. 2024ರಲ್ಲಿ ಬಾಗಿಲು ಹಾಕಿತು, ಪಾಪ.

ನನ್ನ ತಕರಾರು ಮಾತ್ರ ವಾಟ್ಸಾಪ್ ಮೇಲೆ. ಎಕ್ಸ್‌ನಲ್ಲಿ ತಪ್ಪು ಬರೆದರೆ ಜಾಡಿಸುವವರು ಬೇಕಾದಷ್ಟು ಜನ ಇದ್ದಾರೆ. ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಪ್ಪ ಕಳಿಸಿದ್ದನ್ನು ಸುಳ್ಳು ಅನ್ನುವವರು ಯಾರು? ಕೈಮುಗಿಯುವ ಎಮೋಜಿ ಹಾಕಿ ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಅದು ಅತ್ತೆಯವರ ಭಜನೆ ಗ್ರೂಪಿಗೆ ಹೋಗಿರುತ್ತದೆ.

2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ಸುದ್ದಿ ಹೀಗೇ ಫೋನಿಂದ ಫೋನಿಗೆ ಹರಡಿತ್ತು. ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದು ಸಾಯಿಸಿದರು. ಬೇರೆ ಊರುಗಳಲ್ಲೂ ಇಂಥ ಸಾವುಗಳಾದವು. ಆ ಜುಲೈನಲ್ಲಿ, ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಮಾಡಬಹುದು ಅಂತ ವಾಟ್ಸಾಪ್ ಮಿತಿ ಹಾಕಿತು. ಈಗ ಮೆಸೇಜಿನ ಮೇಲೆ ಜೋಡಿ ಬಾಣ ಕಂಡರೆ, ಅದು ಕಡಿಮೆಯೆಂದರೂ ಐದು ಕೈ ದಾಟಿ ಬಂದಿದೆ ಅಂತ ಅರ್ಥ. ಮೊದಲು ಬರೆದವರು ಯಾರೋ, ಏನೋ!

ಊರು ಬಿಟ್ಟು ದೂರದಲ್ಲಿರುವ ನಮ್ಮ ಸಂಘದವರಿಗೆಲ್ಲ ಊರಿನ ಸುದ್ದಿ ಜಾಸ್ತಿ ಬರುವುದು ಇದೇ ದಾರಿಯಲ್ಲಿ, ಅಲ್ವಾ? ಬೆಂಗಳೂರು ಮುಳುಗೇ ಹೋಯಿತು ಅನ್ನುವ ವಿಡಿಯೋ ನೋಡಿ ಗಾಬರಿಯಾಗಿ ಮನೆಗೆ ಫೋನ್ ಮಾಡುತ್ತೇವೆ. "ಇಲ್ಲಿ ಬಿಸಿಲು ಹೊಡೀತಿದೆ, ಹಪ್ಪಳ ಒಣಗಿಸ್ತಿದ್ದೀನಿ" ಅನ್ನುತ್ತಾರೆ ಅಮ್ಮ. ವಿಡಿಯೋ ಯಾವ ವರ್ಷದ್ದೋ, ಯಾವ ಊರಿನದೋ.

ಹಾಗಾಗಿ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಇನ್ನು ಮುಂದೆ ಕಾರ್ಯಕ್ರಮದ ಸುದ್ದಿ ಮಾತ್ರ. ಹರಟೆಗೆ ನಮ್ಮ ಫೇಸ್‌ಬುಕ್ ಪುಟ ಇದೆ, ಅಲ್ಲಿ ಎಲ್ಲರೆದುರಿಗೆ ಬರೆಯಿರಿ. ಗ್ರೂಪಿಗೆ ಜೋಡಿ ಬಾಣದ ಮೆಸೇಜ್ ಬಂದರೆ ಅಡ್ಮಿನ್ ಅಳಿಸಿಹಾಕುತ್ತಾರೆ, ಕಳಿಸಿದವರು ಅಧ್ಯಕ್ಷರೇ ಆಗಿದ್ದರೂ.