ಪುಟ್ಟಿ, ಇದು ಶಿಕ್ಷೆಯಲ್ಲ

ಪುಟ್ಟಿ,

"ಅಮ್ಮಾ, ದೇವರೇ ನನ್ನನ್ನು ಊರು ಬಿಡಿಸಿದ, ಇದು ಶಿಕ್ಷೆ" ಅಂತ ದೋಹಾದಿಂದ ಮೆಸೇಜ್ ಹಾಕಿದ್ದೀಯ. ರಾತ್ರಿಯಿಡೀ ಅದೇ ಮಾತು ತಲೆ ಕೊರೆಯಿತು. ಗಂಡನ ಮನೆ, ಕೋರ್ಟು ಅದೆಲ್ಲ ಎತ್ತುವುದಿಲ್ಲ, ಇಬ್ಬರಿಗೂ ಗೊತ್ತಿರುವುದೇ. ಆದರೆ ಪ್ರಾರ್ಥನೆ ಮುಗಿಸಿ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ನಿನ್ನ ಅತ್ತೆ ಎಲ್ಲರೆದುರು "ಹೆತ್ತವರ ಪಾಪ ಮಕ್ಕಳ ತಲೆಗೆ" ಅಂದರಲ್ಲ, ಅದನ್ನು ನೀನು ನಂಬಿಬಿಟ್ಟೆಯಾ? ನನ್ನ ಭಯ ಅದೇ.

ಬೈಬಲ್‌ನಲ್ಲಿ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯರೂ ಇದನ್ನೇ ಆಡಿಕೊಳ್ಳುತ್ತಿದ್ದರು. ಹೆತ್ತವರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತವು ಅಂತ. ಪ್ರವಾದಿ ಯೆಹೆಜ್ಕೇಲ ಅಲ್ಲಿನ ಕೆಬಾರ್ ನದಿ ಹತ್ತಿರ ಆ ಸೆರೆಯವರ ನಡುವೆಯೇ ಇದ್ದವನು. ಇನ್ನು ಈ ಗಾದೆ ಯಾರೂ ಎತ್ತಬಾರದು ಅಂತ ದೇವರು ಅವನ ಬಾಯಲ್ಲೇ ಹೇಳಿಸಿದ. ಮಗ ತಂದೆಯ ಪಾಪ ಹೊರುವುದಿಲ್ಲ. ಕೆಟ್ಟವನು ಸತ್ತರೆ ನನಗೇನು ಸಂತೋಷ, ತಿರುಗಿಕೊಂಡು ಬಾಳಿದರೆ ತಾನೇ ಸಂತೋಷ ಅಂತಲೂ ಅಲ್ಲೇ ಕೇಳುತ್ತಾನೆ. ಅತ್ತೆ ಬೈಬಲ್‌ನಲ್ಲಿ ಆ ಪುಟ ಇಲ್ವಾ?

ಸೆರೆವಾಸ ಶಿಕ್ಷೆಯೇ ಅಲ್ಲ ಅಂತ ಸುಳ್ಳು ಹೇಳಲಾರೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ರಾಜ ನೆಬೂಕದ್ನೆಚ್ಚರನ ದಂಡು ಯೆರೂಸಲೇಮಿನ ದೇವಾಲಯ ಸುಟ್ಟಿತು, ಪ್ರವಾದಿಗಳು ಅದನ್ನು ಶಿಕ್ಷೆ ಅಂತಲೇ ಕರೆದರು. ಆದರೆ ಪ್ರವಾದಿ ಯೆರೆಮೀಯ ಬೈದದ್ದು ಯಾರನ್ನು? ಅನ್ಯದೇವರ ಹಿಂದೆ ಹೋದವರನ್ನು, ಕೂಲಿ ಕೊಡದೆ ಜನರನ್ನು ದುಡಿಸಿಕೊಂಡು ಅರಮನೆ ಕಟ್ಟಿದ ರಾಜ ಯೆಹೋಯಾಕೀಮನನ್ನು. ಏಟು ತಾಳಲಾರದೆ ಮನೆ ಬಿಟ್ಟು ಬಂದ ಹುಡುಗಿಯನ್ನಲ್ಲ. ನಿನಗೆ ಪಶ್ಚಾತ್ತಾಪ ಪಡುವಂಥದ್ದು ಏನಾದರೂ ಇದ್ದರೆ ಅದು ನಿನಗೂ ದೇವರಿಗೂ ಬಿಟ್ಟದ್ದು, ಅತ್ತೆಗಲ್ಲ. ಮತ್ತೆ ಅತ್ತೆ ಸುದ್ದಿಗೇ ಬಂದೆ, ಬೇಜಾರಾಗಬೇಡ.

ನಮ್ಮ ಹಾಲ್‌ನಲ್ಲಿ ಯೆರೆಮೀಯ 29:11, ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ ಅಂತ ದೇವರು ಹೇಳುವ ವಚನ, ಇರುವ ಕ್ಯಾಲೆಂಡರ್ ಇದೆಯಲ್ಲ, ಅದರ ಹಿಂದಿನ ವಚನದಲ್ಲಿ ಬಾಬೆಲಿಗೆ 70 ವರ್ಷ ತುಂಬಿದ ಮೇಲೇ ಊರಿಗೆ ವಾಪಸ್ ಅಂತಿದೆ. ಅದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಎರಡೇ ವರ್ಷದಲ್ಲಿ ಎಲ್ಲ ಸರಿಯಾಗುತ್ತದೆ ಅಂದವನು ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ, ಅವನದು ಸುಳ್ಳಾಯಿತು. ಯೆರೆಮೀಯ ಮಾತ್ರ ಸೆರೆಯವರಿಗೆ ಪತ್ರ ಬರೆದು ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಹಣ್ಣು ತಿನ್ನಿ, ಆ ಊರಿನ ಒಳ್ಳೆಯದಕ್ಕೆ ಪ್ರಾರ್ಥಿಸಿ ಅಂದ. ಹಿಡಿದುಕೊಂಡು ಹೋದವರ ಊರಿಗೆ! ದೇವಾಲಯದಿಂದ ಅಷ್ಟು ದೂರದಲ್ಲೂ ಮನಸ್ಸಿಟ್ಟು ಹುಡುಕಿದರೆ ದೇವರು ಸಿಗುತ್ತಾನೆ ಅಂತಲೂ ಅದೇ ಪತ್ರದಲ್ಲಿ ಬರೆದ.

ಅದಕ್ಕೇ ಹೇಳುತ್ತೇನೆ, ಮೊದಲು ಸೂಟ್‌ಕೇಸ್ ಬಿಚ್ಚು. ಕುಕ್ಕರ್ ತಗೋ. ನೈಟ್ ಡ್ಯೂಟಿ ಮುಗಿಸಿ ಸುಮ್ನೆ ಬ್ರೆಡ್ ತಿಂದು ಮಲಗಬೇಡ. ಖರ್ಚು ಬರೆದಿಡು, ಯಾರಿಗೂ ಸಾಲ ಕೊಡಬೇಡ. ನನ್ನ ಮಗಳು ನರ್ಸ್, ಒಬ್ಬಳೇ ವೀಸಾ ಮಾಡಿಸಿಕೊಂಡು ಹೋದಳು ಅಂತ ಚರ್ಚ್‌ನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಅತ್ತೆಗೂ.

ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಯೆಹೆಜ್ಕೇಲನ 18ನೇ ಅಧ್ಯಾಯ ಓದಿಟ್ಟಿರು, ಕೇಳುತ್ತೇನೆ.

ಅಮ್ಮ