ಅದು ಸೊಕ್ಕಲ್ಲ, ಕಾಯಿಲೆ

ಸಂಪಾದಕರೇ,

ಪಿಯುಸಿ ಓದುವ ಮಗಳು ಬಿರುಬೇಸಿಗೆಯಲ್ಲೂ ತುಂಬು ತೋಳಿನ ಅಂಗಿಯನ್ನೇ ಹಾಕುತ್ತಿದ್ದಳು. ಇಷ್ಟದ ಗಿರ್ಮಿಟ್ ತಂದರೂ ಮುಟ್ಟುತ್ತಿರಲಿಲ್ಲ. ನಾವು ಸೊಕ್ಕು ಅಂದುಕೊಂಡೆವು. ತೋಳಿನ ಗಾಯ ಕಂಡ ದಿನ ನನ್ನ ಕೈಕಾಲು ತಣ್ಣಗಾದವು. ‘ಗುಡಿಗೆ ಕರ್ಕೊಂಡು ಹೋಗ್ರಿ’ ಎಂದವರೇ ಜಾಸ್ತಿ. ನಾವು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆವು. ಮಾತ್ರೆ ಹತ್ತಲು ಕೆಲವು ವಾರ ಬೇಕು, ಆರಾಮ ಅನಿಸಿದರೂ ಸುಮ್ನೆ ನಿಲ್ಲಿಸಬಾರದು ಎಂದರು ವೈದ್ಯರು. ಜತೆಗೆ ಆಪ್ತಸಮಾಲೋಚನೆ. ನಡುವೆ ಎರಡು ಸಲ ಮತ್ತೆ ಕುಸಿದಳು. ಮೊನ್ನೆ ತಾನಾಗಿಯೇ, ‘ಅಪ್ಪಾ, ಗಿರ್ಮಿಟ್ ತಿನ್ನಾಕ ಹೋಗೂಣೇನು?’ ಎಂದಳು.

ಪ್ರತಿ ಕಾಲೇಜಿಗೂ ಒಬ್ಬ ಆಪ್ತಸಮಾಲೋಚಕರು ಬೇಕಲ್ವಾ? ರಾತ್ರಿ ದಿಕ್ಕು ತೋಚದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ನಮ್ಮ ಬಸ್ಸುಗಳಲ್ಲಿ ದೊಡ್ಡದಾಗಿ ಬರೆಸಲಿ.

– ಒಬ್ಬ ತಂದೆ, ಧಾರವಾಡ