ಸ್ಲೈಡು ಆಮೇಲೆ, ಮೊದಲು ದಾರಿ ಹೇಳು: ಮಗಳಿಗೊಂದು ಪತ್ರ

ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ವಾಟ್ಸಾಪಿನಲ್ಲಿ ಕಳಿಸಿದ ಸ್ಲೈಡುಗಳನ್ನೆಲ್ಲ ನೋಡಿದೆ, ನಿಮ್ಮಮ್ಮನಿಗೂ ತೋರಿಸಿದೆ. ನಿಮ್ಮ ಕಂಪನಿಯವರು ಲಗ್ಗೆರೆ ಕಡೆಯ ಸರ್ಕಾರಿ ಪ್ರೌಢಶಾಲೆಗೆ ಹೋಗಿ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕೆಲಸದ ಪ್ರಪಂಚ ಪರಿಚಯ ಮಾಡಿಸುವುದು ಒಳ್ಳೆಯದೇ. ಏನೇನು ಹೇಳಲಿ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಹೊರಟರೆ ಹ್ಞೂಂ ಹ್ಞೂಂ ಅಂದು ಮೀಟಿಂಗಿಗೆ ಓಡಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಸ್ಲೈಡು ಚೆನ್ನಾಗಿವೆ. ಆದರೆ ಅರ್ಧಕ್ಕರ್ಧ ಬರೀ ಕನಸು, ಗುರಿ, ಆತ್ಮವಿಶ್ವಾಸ. ದೊಡ್ಡವರಾಗಿ ಏನಾಗ್ತೀರಿ ಅಂತ ಆ ಮಕ್ಕಳನ್ನು ಕೇಳಿನೋಡು, ಪೊಲೀಸು, ಡಾಕ್ಟರು, ಐಎಎಸ್ಸು ಅಂತ ಪಟಪಟ ಹೇಳುತ್ತಾರೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಎಲ್ಲಿಗೆ ಹೋಗಿ ಯಾವ ಅರ್ಜಿ ಕೇಳಬೇಕು ಅಂತ ಕೇಳು, ಒಬ್ಬರೂ ಬಾಯಿ ಬಿಡುವುದಿಲ್ಲ. ನಿನಗೆ ಅದನ್ನು ಯಾರೂ ಕೂರಿಸಿ ಹೇಳಿಕೊಡಲಿಲ್ಲ ನಿಜ. ಆದರೆ ನಿಮ್ಮ ದೊಡ್ಡಪ್ಪ ಬಿಇಎಲ್‌ನಲ್ಲಿದ್ದರು, ಅತ್ತೆ ಬ್ಯಾಂಕಿನಲ್ಲಿದ್ದರು. ಊಟಕ್ಕೆ ಕೂತಾಗ ಯಾವ ಕೋರ್ಸು, ಯಾವ ಪರೀಕ್ಷೆ ಅನ್ನೋದೆಲ್ಲ ತಾನಾಗಿ ಕಿವಿಗೆ ಬೀಳುತ್ತಿತ್ತು. ನೀವು ಹೋಗಿ ಕೊಡಬೇಕಾಗಿರುವುದು ಆ ಊಟದ ಹೊತ್ತಿನ ಮಾತನ್ನ.

ಇನ್ನೊಂದು. ಕೆಲಸ ಅಂದರೇನು ಅಂತಲೇ ಗೊತ್ತಿಲ್ಲದ ಮಕ್ಕಳ ಮುಂದೆ ನಿಂತಿದ್ದೀನಿ ಅಂದುಕೊಳ್ಳಬೇಡ. ಅವರ ಮನೆಗಳಲ್ಲಿ ಕೆಲಸ ಬಿಟ್ಟು ಬೇರೇನೂ ಇರೋದಿಲ್ಲ. ತಾಯಂದಿರು ಬಹಳಷ್ಟು ಜನ ಗಾರ್ಮೆಂಟ್ಸ್‌ನಲ್ಲಿ ಟೈಲರು, ಹೆಲ್ಪರು, ಚೆಕರು. ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯಲ್ಲೂ ನಮ್ಮ ತುಮಕೂರು ರಸ್ತೆಯಲ್ಲೂ ಸಾವಿರಾರು ಜನ ಬೀದಿಗಿಳಿದು, ಕೇಂದ್ರ ಸರ್ಕಾರವೇ ಆದೇಶ ವಾಪಸ್ ತಗೊಳ್ಳೋ ಹಾಗೆ ಮಾಡಿದ್ದು ಇಂಥ ಹೆಣ್ಣುಮಕ್ಕಳೇ. ಸಂಬಳದಲ್ಲಿ ಪಿಎಫ್‌ಗೆ 12 ಪರ್ಸೆಂಟ್ ಹಿಡಿಯುತ್ತಾರೆ ಅನ್ನೋದು ನಿಮ್ಮ ಆಫೀಸಿಗೆ ಹೊಸದಾಗಿ ಸೇರಿದವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಹಾಗಾಗಿ ‘ಶಿಸ್ತು, ಸಮಯಪಾಲನೆ’ ಅನ್ನೋ ಸ್ಲೈಡನ್ನು ತೆಗೆದುಹಾಕು. ಬೆಳಗ್ಗೆ ಎಂಟೂವರೆಗೆ ಗೇಟು ಮುಚ್ಚಿದರೆ ಆ ದಿನದ ಕೂಲಿ ಹೋಯಿತು ಅನ್ನೋದು ಆ ಮಕ್ಕಳಿಗೆ ಹೊಸ ಸುದ್ದಿ ಅಲ್ಲ.

ಅದರ ಜಾಗದಲ್ಲಿ ದಾರಿ ಬರಿ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ. ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿ ಒಂದೇ ಅಲ್ಲ. ಎರಡು ವರ್ಷದ ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಜಿಟಿಟಿಸಿ ಅನ್ನೋ ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ ಇದೆ, 1972ರಲ್ಲಿ ಡೆನ್ಮಾರ್ಕ್‌ನವರ ನೆರವಿನಿಂದ ಶುರುವಾದದ್ದು. ಅಲ್ಲಿ ಟೂಲ್ ಅಂಡ್ ಡೈ, ಅಂದರೆ ಕಾರ್ಖಾನೆಯ ಅಚ್ಚು, ಉಪಕರಣ ಮಾಡೋದನ್ನು ಕಲಿಸುವ ಡಿಪ್ಲೊಮಾ ನಾಲ್ಕು ವರ್ಷ, ಕೊನೇ ವರ್ಷ ಪೂರ್ತಿ ಕಾರ್ಖಾನೆಯಲ್ಲೇ. ಪೀಣ್ಯದಲ್ಲಿ ಯಾವ ಟೂಲ್‌ರೂಮಿಗೆ ಹೋದರೂ ಅಲ್ಲಿ ಕಲಿತವರೊಬ್ಬರು ಸಿಕ್ಕೇ ಸಿಗುತ್ತಾರೆ. ಮುಖ್ಯವಾದದ್ದನ್ನು ದಪ್ಪಕ್ಷರದಲ್ಲಿ ಬರಿ: ಐಟಿಐ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಐಟಿಐಗೆ ಸೇರಿದರೆ ಅಲ್ಲಿಗೆ ಓದು ಮುಗೀತು ಅಂತ ಅಪ್ಪ ಅಮ್ಮಂದಿರೇ ನಂಬಿರುತ್ತಾರೆ, ಅದಕ್ಕೇ ಹುಡುಗ ಪಿಯುಸಿ ಸೈನ್ಸಿಗೆ ಬಿದ್ದು, ಫೇಲಾಗಿ, ಡೆಲಿವರಿ ಬ್ಯಾಗು ಹೊರುತ್ತಾನೆ. ಡೆಲಿವರಿ ಕೆಲಸ ಕೀಳು ಅಂತಲ್ಲ, ಗೊತ್ತಿಲ್ಲದೆ ಅಲ್ಲಿಗೆ ಹೋಗಿ ಬೀಳಬಾರದು ಅಷ್ಟೆ. ಅಪ್ರೆಂಟಿಸ್ ಬಗ್ಗೆಯೂ ಹೇಳು. 1961ರ ಕಾಯ್ದೆ ಪ್ರಕಾರ ಕಂಪನಿಯವರು ಸ್ಟೈಪೆಂಡ್ ಕೊಟ್ಟು ಕೆಲಸ ಕಲಿಸಬೇಕು. ಕಲಿಸೋದಕ್ಕೆ ನೀನೇ ದುಡ್ಡು ಕೊಡು ಅನ್ನೋ ಏಜೆಂಟು ಮೋಸಗಾರ ಅನ್ನೋದು ಹದಿನಾಲ್ಕು ವರ್ಷಕ್ಕೇ ತಿಳಿದರೆ ಒಳ್ಳೆಯದು.

ಹುಡುಗಿಯರಿಗೆ ಇದನ್ನು ಬೇರೆಯಾಗಿ, ಒತ್ತಿ ಹೇಳು. ಫಿಟ್ಟರು, ಟರ್ನರು ಅಂದರೆ ಗಂಡಸರ ಕೆಲಸ ಅಂತ ಅವರೇ ಪಕ್ಕಕ್ಕೆ ಸರಿಯುತ್ತಾರೆ. ನಮ್ಮ ವರ್ಕ್‌ಶಾಪ್ ಶೆಡ್ಡಿನಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರಿನಿಂದ ಓಡುವ ಮೆಷಿನ್, ನಡೆಸುವುದು ತುರುವೇಕೆರೆ ಕಡೆಯ ಹುಡುಗಿ ಅಂತ ನಿನಗೆ ಗೊತ್ತಲ್ಲ. ಡ್ರಾಯಿಂಗ್ ಕೈಗೆ ಕೊಟ್ಟರೆ ಪ್ರೋಗ್ರಾಂ ಹಾಕಿ ಮೊದಲ ತುಂಡಿಗೇ ಅಳತೆ ಕೂರಿಸುತ್ತಾಳೆ. ಅವಳಿಗಿಂತ ಹಳಬರು ಇಬ್ಬರು ಇನ್ನೂ ಮೈಕ್ರೋಮೀಟರ್ ಓದುವಾಗ ತಡವರಿಸುತ್ತಾರೆ. (ಇದನ್ನು ಅವರಿಗೆ ಹೇಳಬೇಡ.)

ನಿನ್ನ ಕೆಲಸದ ಬಗ್ಗೆ ಹೇಳುವಾಗ ಐಟಿ, ಎಸಿ, ಬೀನ್ ಬ್ಯಾಗ್ ಅಂತ ಶುರು ಮಾಡಬೇಡ. ಬೆಳಗ್ಗೆ ಹೋಗಿ ಏನು ಮಾಡ್ತೀಯ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹೇಗೆ ಹುಡುಕ್ತೀಯ, ತಪ್ಪು ಸಿಕ್ಕಾಗ ಅದನ್ನು ಯಾರಿಗೆ ಹೇಗೆ ಬರೆದು ತಿಳಿಸ್ತೀಯ, ಅದನ್ನು ಹೇಳು. ಸ್ಯಾಲರಿ ಸ್ಲಿಪ್ ಒಂದನ್ನು ಹೆಸರು ಮುಚ್ಚಿ ತೋರಿಸು. ಕೈಗೆ ಬರುವುದು ಎಷ್ಟು, ಹಿಡಿಯುವುದು ಎಷ್ಟು ಅಂತ ಅವರೇ ಲೆಕ್ಕ ಹಾಕಲಿ. ನಿಮ್ಮ ಕಟ್ಟಡದಲ್ಲಿ ಲಿಫ್ಟ್ ನೋಡಿಕೊಳ್ಳುವವರು, ನೆಟ್‌ವರ್ಕ್ ಕೇಬಲ್ ಎಳೆಯುವವರು, ಬಿಲ್ಲು ಹಾಕುವವರು ಏನು ಓದಿದ್ದಾರೆ ಅಂತಲೂ ಕೇಳಿಕೊಂಡು ಹೋಗು. ಮತ್ತೆ, ಕನ್ನಡದಲ್ಲೇ ಮಾತಾಡು. ಇಂಗ್ಲಿಷಿನಲ್ಲಿ ಕೇಳಿದರೆ ಮಕ್ಕಳು ಎಲ್ಲಕ್ಕೂ ಯೆಸ್ ಮೇಡಂ ಅನ್ನುತ್ತಾರೆ.

ನಿಮ್ಮ ಕಂಪನಿ ಲಾಭದಲ್ಲಿ ಸಮಾಜಕ್ಕೆ ಖರ್ಚು ಮಾಡಬೇಕಾದ ಎರಡು ಪರ್ಸೆಂಟಿನ (ಸಿಎಸ್‌ಆರ್) ಲೆಕ್ಕಕ್ಕಾಗಿ ಇದೆಲ್ಲ ಅಂತ ನಿಮ್ಮ ಮಾವ ನಕ್ಕರು. ನಾನು ನಮ್ಮ ಆಡಿಟರನ್ನು ಕೇಳಿದೆ. 2013ರ ಕಂಪನಿ ಕಾಯ್ದೆಯಲ್ಲಿ ಆ ಎರಡು ಪರ್ಸೆಂಟ್ ಇರೋದು ನಿಜ. ಆದರೆ ನೌಕರರು ಸುಮ್ಮನೆ ಕೊಡುವ ಹೊತ್ತಿಗೆ ರೂಪಾಯಿ ಕಟ್ಟಿ ಅದರಲ್ಲಿ ಸೇರಿಸೋ ಹಾಗಿಲ್ಲವಂತೆ. ಅಂದರೆ ನೀನು ಹೋಗೋ ಗಂಟೆಗಳು ನಿನ್ನವೇ. ಮಾವನಿಗೆ ತಿಳಿಸಿದ್ದೇನೆ, ಇನ್ನೂ ಒಪ್ಪಿಲ್ಲ.

ಒಂದೇ ಸಲ ಹೋಗಿ ಟೀಶರ್ಟ್ ಹಾಕಿಕೊಂಡು ಫೋಟೋ ಹೊಡೆಸಿ ಬರೋದಾದರೆ ಬೇಡ ಅನ್ನುತ್ತೇನೆ. ಮೊದಲ ದಿನ ಯಾವ ಮಗುವೂ ಪ್ರಶ್ನೆ ಕೇಳುವುದಿಲ್ಲ. ಮತ್ತೆ ಹೋದಾಗ ಕೇಳುತ್ತಾರೆ. ಮೂರನೇ ಸಲ ಯಾವಳೋ ಒಬ್ಬಳು ಕಾರಿಡಾರಿನಲ್ಲಿ ನಿಲ್ಲಿಸಿ, ಅಕ್ಕಾ ನಮ್ಮಪ್ಪ ಹತ್ತನೇ ಕ್ಲಾಸಿಗೇ ಸಾಕು ಅಂತಿದ್ದಾರೆ ಅನ್ನುತ್ತಾಳೆ. ಆಗ ಹೆಡ್‌ಮೇಡಂ ಜೊತೆ ಕೂತು ಆ ಅಪ್ಪನ ಹತ್ತಿರ ಮಾತಾಡೋದು ನಿನ್ನ ನಿಜವಾದ ಕೆಲಸ.

ನಮ್ಮ ಶೆಡ್ಡಿಗೆ ಕರಕೊಂಡು ಬರಬಹುದಾ ಅಂತ ಕೇಳಿದ್ದೀಯ. ಬಾ. ಆದರೆ ನೋಡೋದಕ್ಕೆ ಮಾತ್ರ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಆದ ಮೇಲೆ ಹದಿನೆಂಟರ ಕೆಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕಾನೂನು ಇರದಿದ್ದರೂ ನಾನು ಮೆಷಿನ್ ಮುಟ್ಟಲು ಬಿಡುತ್ತಿರಲಿಲ್ಲ. ವರ್ನಿಯರ್ ಕೈಗೆ ಕೊಡ್ತೀನಿ, ಹಳೇ ಬುಶ್‌ಗಳನ್ನು ಅಳೆಯಲಿ. ಒಂದು ಸಲಕ್ಕೆ ಎಂಟು ಮಕ್ಕಳು ಸಾಕು. ಶೂ ಹಾಕಿರಬೇಕು, ಜಡೆ ಬಿಗಿಯಾಗಿ ಕಟ್ಟಿರಬೇಕು, ದುಪ್ಪಟ ಬೇಡ. ಶಾಲೆಯ ಪತ್ರ, ಮನೆಯವರ ಸಹಿ ಎರಡೂ ಬೇಕು. ತಿಂಗಳ ಕೊನೇ ವಾರ ಡಿಸ್‌ಪ್ಯಾಚ್ ಒತ್ತಡ ಇರುತ್ತೆ, ಅದು ಬಿಟ್ಟು ಯಾವ ಶನಿವಾರ ಅಂತ ಮೊದಲೇ ತಿಳಿಸು.

ನಿನ್ನ ಅಪ್ಪ